ಹಾಸಿನ ಆಚೆ ಬದಿ

ಹೂವಪ್ಪನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿ ಇಪ್ಪತ್ತೊಂದು ದಿನವಾಗಿತ್ತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅದನ್ನು ಸ್ಟೆಂಟ್ ಎಂದವರಿಲ್ಲ. ‘ಸ್ಪ್ರಿಂಗ್ ಹಾಕ್ಯಾರಂತ’ ಎಂದೇ ಎಲ್ಲರೂ ಬಂದು ನೋಡಿಕೊಂಡು ಹೋದರು. ನಲವತ್ತೈದು ವರ್ಷ ಕುಣಿಮಗ್ಗದಲ್ಲಿ ಕಾಲಾಡಿಸಿದ ಮನುಷ್ಯನಿಗೆ ಈಗ ಕಟ್ಟೆಯ ಮೇಲೆ ಕೂತು, ಬಂದವರ ಮುಂದೆ ಎಲೆ ಅಡಿಕೆಯ ತಟ್ಟೆ ಸರಿಸುವುದಷ್ಟೇ ಕೆಲಸ.

ಮಗ ಕಳಕೇಶ ಮಗ್ಗ ಬಿಟ್ಟು ಏಳುವ ಹಾಗಿರಲಿಲ್ಲ. ಸೊಸೆ ರೂಪಾಳೇ ಮಾವನನ್ನು ರೋಣದ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ರಾಜೇಶ್ವರಿ ಎಂಬ ಹುಡುಗಿ ಅವನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ, ಉದ್ದನೆಯ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಆರು ನಿಮಿಷ ನಡೆಸಿ ನೋಡಿದಳು.

“ಚಲೋ ಐತ್ರಿ ಅಜ್ಜಾರ. ನಾಳಿಂದ ದಿನಾ ಮುಂಜಾನಿ ಹತ್ತು ನಿಮಿಷ ನಡೀರಿ. ವಾರಕ್ಕ ಎರಡೆರಡು ನಿಮಿಷ ಹೆಚ್ಚ ಮಾಡ್ರಿ. ಗುಡ್ಡಾ ಹತ್ತೂದು ಈಗ ಬ್ಯಾಡ.”

“ಎಷ್ಟ ಜೋರ ನಡೀಬೇಕ್ರಿ ಬಾಯಾರ?”

“ಜೋಡಿಗೆ ಒಬ್ಬರನ್ನ ಕರಕೊಂಡು ಮಾತಾಡಕೋತ ನಡೀರಿ. ಮಾತು ಸರಳ ಬರಾಕತ್ತಿದ್ರ ನಡಿಗಿ ಬರೋಬರಿ ಐತಿ ಅಂತ ತಿಳೀರಿ. ಕಡದು ಕಡದು ಬಂದ್ರ ಸಾವಕಾಶ ಮಾಡ್ರಿ. ಮಾತು ನಿಂತ್ರ ನೀವೂ ನಿಂತ ಬಿಡ್ರಿ. ಎಲ್ಲಾರಿಗೂ ಎದಿ ನೋವು ಬರೂದಿಲ್ರಿ. ಕೆಲವರಿಗೆ ಮೊದಲ ಮಾತು ಹೋಗತೈತಿ.”

“ಹಂಗಾರ ಈಕಿ ಜೋಡಿ ನಡದ್ರ ಆತು ಬಿಡ್ರಿ,” ಎಂದು ಹೂವಪ್ಪ ಸೊಸೆಯ ಕಡೆ ಕೈ ಮಾಡಿದ. “ನಮ್ಮನಿ ಮಗ್ಗನರ ನಾಕ ಮಾತಾಡತೈತಿ, ಈಕಿ ಆಡೂದಿಲ್ಲ.”

ರಾಜೇಶ್ವರಿ ನಕ್ಕಳು. ಹೂವಪ್ಪನೂ ನಗಲು ಹೋದ, ನಗು ಅರ್ಧಕ್ಕೇ ಸತ್ತಿತು. ಮೊದಲು ಮಾತು ಹೋಗುತ್ತದೆಂದು ಆ ಹುಡುಗಿ ಹೇಳಿದ್ದು ಆಗ ಅವನಿಗೆ ತಾಗಿತ್ತು. ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಗೆ ಮುಖ ಮಾಡಿ ಕೂತ.

ಅವನ ಹೆಂಡತಿ ಕಲ್ಲವ್ವ ತೀರಿಕೊಂಡದ್ದು ಹೋದ ಕಾರ್ತಿಕದಲ್ಲಿ. ಬೀದಿಗೆ ಹಾಸು ಕಟ್ಟುವ ಮನೆಗಳು ಈಗ ಓಣಿಯಲ್ಲಿ ಎರಡೋ ಮೂರೋ ಉಳಿದಿವೆ. ಸೀರೆಯ ಉದ್ದದ ಎಳೆಗಳನ್ನೆಲ್ಲ ಗೂಟದಿಂದ ಗೂಟಕ್ಕೆ ಬಿಗಿದು, ಗಂಜಿ ಹಚ್ಚಿ, ಬಿಸಿಲೇರುವ ಮುಂಚೆ ಕುಂಚದಿಂದ ತೀಡುತ್ತ ಹೋಗಬೇಕು. ಈಚೆ ಬದಿಗೆ ಗಂಡ, ಆಚೆ ಬದಿಗೆ ಹೆಂಡತಿ. ಇಬ್ಬರದೂ ಒಂದೇ ಹೆಜ್ಜೆ. ನಡುವೆ ನಿಂತರೆ ಗಂಜಿ ಒಣಗಿ ಎಳೆಗೆ ಎಳೆ ಅಂಟಿಕೊಳ್ಳುತ್ತದೆ.

ಕಲ್ಲವ್ವ ಹಾಸಿನ ಉದ್ದಕ್ಕೂ ಮಾತಾಡುತ್ತಲೇ ನಡೆಯುವ ಹೆಣ್ಣು. ನೆರೆಮನೆಯ ಸುದ್ದಿ, ಗಿರಣಿಯಲ್ಲಿ ಕಂಡವರು, ಬೆಳಗಿನ ಜಾವದ ಕನಸು, ಒಂದೂ ಬಿಡುತ್ತಿರಲಿಲ್ಲ. “ಆ ಬಾಯಿಗೊಂದ ಗೂಟಾ ಬಡ್ಕೊ,” ಎಂದು ಹೂವಪ್ಪ ರೇಗಿಸುತ್ತಿದ್ದ. ಕಾರ್ತಿಕದ ಆ ಮುಂಜಾನೆ ಎರಡನೆಯ ಸುತ್ತಿಗೆ ಅವಳ ಮಾತು ತುಂಡು ತುಂಡಾಯಿತು. ಮೂರನೆಯದಕ್ಕೆ ನಿಂತೇ ಹೋಯಿತು. “ಇವತ್ತ ಕಾಲಕಾಲೇಶ್ವರ ಕಣ್ಣು ತೆರದಾನ, ಕೆಲಸ ಲಗೂ ಸಾಗೇತಿ,” ಎಂದು ಅವನು ಹಿಗ್ಗಿದ. ಅವಳು ತಲೆ ಎತ್ತದೆ ಕುಂಚ ತೀಡಿದಳು. ಹಾಸು ಮುಗಿಯಿತು, ಒಂದು ಎಳೆಯೂ ಕಡಿಯಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಕಲ್ಲವ್ವ ಅಡುಗೆಮನೆಯ ಕಂಬಕ್ಕೊರಗಿ ಕೂತವಳು ಕೂತಂತೆಯೇ ಹೋಗಿದ್ದಳು.

ಪುಣ್ಯವಂತೆ, ಯಾರಿಗೂ ಒಂದು ಮಾತು ಹೇಳದೆ ಹೋದಳು ಎಂದು ಊರು ಹೇಳಿತು. ಅದನ್ನೇ ಹಿಡಿದುಕೊಂಡು ಹೂವಪ್ಪ ಇಷ್ಟು ದಿನ ಉಂಡಿದ್ದ, ಮಲಗಿದ್ದ. ಈಗ ತಿಳಿಯಿತು, ಅವಳು ಎರಡು ಸುತ್ತು ಹೇಳಿದ್ದಳು. ಕೇಳಿದವನು ದೇವರ ದಯೆ ಎಂದುಕೊಂಡಿದ್ದ.

ಮರುದಿನ ಮುಂಜಾನೆ ಅವನೊಬ್ಬನೇ ಬೀದಿಗಿಳಿದ. ಮೊದಲ ಗೂಟದ ಹತ್ತಿರ ಬಂದಾಗ ಕಲ್ಲವ್ವ ನಡೆಯುತ್ತಿದ್ದ ಆಚೆ ಬದಿಗೆ ಬರಿಗಾಲಿನ ಹೆಜ್ಜೆಯ ಸಪ್ಪಳವೊಂದು ತನ್ನ ಹೆಜ್ಜೆಗೆ ಸರಿಯಾಗಿ ಬರುತ್ತಿತ್ತು. ಮಾತಿರಲಿಲ್ಲ. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಹೂವಪ್ಪ ಮನೆಗೆ ಬಂದು ಮಲಗಿಬಿಟ್ಟ. ನಾಲ್ಕು ದಿನ ಹೊಸ್ತಿಲು ದಾಟಲಿಲ್ಲ.

“ಅಪ್ಪಾ, ಹಿಂಗ ಬಿದ್ದುಕೊಂಡ್ರ ಮತ್ತ ಎದಿಗೆ ತ್ರಾಸ ಆಗತೈತಂತ ಡಾಕ್ಟರು ಹೇಳ್ಯಾರ,” ಎಂದ ಕಳಕೇಶ.

“ಆಗಲಿ ಬಿಡು. ಆಕಿಗೆ ಸಿಗಲಾರದ್ದು ನನಗ್ಯಾಕ?”

ಐದನೆಯ ದಿನ ರೂಪಾ ಚಪ್ಪಲಿ ತಂದು ಅವನ ಕಾಲ ಮುಂದಿಟ್ಟಳು. “ಏಳ್ರಿ ಮಾವಾರ,” ಎಂದಳು. ಮಾತೇ ಆಡದವಳು ಅಷ್ಟು ಕೇಳಿದ ಮೇಲೆ ಇಲ್ಲವೆನ್ನಲಾಗಲಿಲ್ಲ.

ಇಬ್ಬರೂ ಓಣಿಗಿಳಿದು ಸ್ವಲ್ಪ ದೂರ ನಡೆದರು.

“ಮಾತಾಡ್ರಿ.”

“ಏನಂತ ಮಾತಾಡ್ಲಿ?”

“ದವಾಖಾನಿ ಬಾಯಾರು ಅದನ್ನ ಹೇಳಿಲ್ರಿ. ಮಾತಾಡ್ರಿ ಅಂದಾರ ಅಷ್ಟ.”

ಗೂಟದ ಹತ್ತಿರ ಹೂವಪ್ಪ ನಿಧಾನವಾಗಿ ಹೇಳಿದ, “ನಿಮ್ಮತ್ತಿ ಆವತ್ತ ಇಲ್ಲೇ ಸುಮ್ಮನಾದ್ಲು. ನಾ ಖುಷಿಪಟ್ನಿ.” ಹೇಳತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ, ಎಲ್ಲವನ್ನೂ ಹೇಳಿದ.

ರೂಪಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಾನೂ ನೋಡಿದ್ನಿರಿ ಮಾವಾರ. ಬಾಗಲದಾಗ ನಿಂತಿದ್ನಿ. ಅಷ್ಟ ಥಂಡ್ಯಾಗ ಅತ್ತಿ ಮಕಾ ಬೆವತಿತ್ತು. ಬಿಸಿ ಗಂಜಿ ಹಬಿ ಬಡದಿರಬೇಕ ಅಂದುಕೊಂಡು ಒಳಗ ಹ್ವಾದ್ನಿ.”

“ಯಾರ ಮುಂದ ಹೇಳೀದಿ?”

“ಯಾರ ಮುಂದೂ ಇಲ್ರಿ.”

ಹೂವಪ್ಪ ನಿಂತ. ಈ ಹುಡುಗಿ ಮದುವೆಯಾಗಿ ಬೆಳವಣಕಿಯಿಂದ ಬಂದಾಗ ಅತ್ತೆ ಸೊಸೆ ಕೂಡಿ ಮನೆ ಗುಲ್ಲೆಬ್ಬಿಸುತ್ತಿದ್ದರು. ರೂಪಾಳ ಮಾತು ನಿಂತು ಎಷ್ಟು ದಿನವಾಯಿತೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

“ಎದ್ಯಾಗ ಏನರ ಆಗಾಕತ್ತೇತೇನ್ರಿ?” ಎಂದು ರೂಪಾ ಗಾಬರಿಯಿಂದ ಕೇಳಿದಳು.

“ನನಗೇನಿಲ್ಲವ್ವಾ. ನೀನೂ ಮಾತಾಡು. ನೀ ಸುಮ್ಮನಾದ್ರ ನನಗ ಅಂಜಿಕಿ ಬರತೈತಿ.”

“ನನಗ್ಯಾವ ಮಾತು ಬರತಾವ್ರಿ?”

“ಯಾವುದಾರ ಆಡು. ಇವತ್ತ ಏನ ಅಡಗಿ, ಅದನ್ನ ಹೇಳು.”

ಅವಳು ಅಂಜುತ್ತಲೇ ಶುರುಮಾಡಿದಳು. ಮಡಿಕೆಕಾಳು ನೆನೆ ಹಾಕಿದ್ದು, ಅದರಲ್ಲಿ ಅರ್ಧ ಹುಳ ಹತ್ತಿದ್ದು, ತವರಿನಿಂದ ಅವ್ವ ಕಳಿಸಿದ್ದಕ್ಕೆ ಆಡಿಕೊಳ್ಳುವ ಹಾಗಿಲ್ಲ ಎಂಬುದು. ಹೂವಪ್ಪ ಪ್ರತಿ ಮಾತಿಗೂ ಹೂಂಗುಟ್ಟಿದ. ಆಚೆ ಬದಿಯ ಬರಿಗಾಲಿನ ಹೆಜ್ಜೆ ಇಂದೂ ಮಾತಿಲ್ಲದೆ ಬರುತ್ತಿತ್ತು, ಒಂದಿಷ್ಟು ಹಿಂದೆ ಬಿದ್ದಿತ್ತು. ಹೂವಪ್ಪ ತನ್ನ ಹೆಜ್ಜೆಯನ್ನು ಸಾವಕಾಶ ಮಾಡಿದ.