ಬಿಡಲಾ ಎಂದು ಕೇಳದವನು

ಮಧುಗಿರಿಯ ಕೋರ್ಟಿನ ಹಿಂದಿನ ಬೀದಿಯಲ್ಲಿ ಶಿವರುದ್ರಮ್ಮನ ಮೆಸ್ಸು. ಆ ಸೋಮವಾರ ಒಲೆಯ ಮೇಲೆ ಎಸರು ಕೊತಕೊತ ಮರಳುತ್ತಿತ್ತು. ಅವಳು ರಾಗಿಹಿಟ್ಟು ಸುರಿದು, ಸೆರಗು ಬಿಗಿದು, ಮುದ್ದೆ ಕೋಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಬೇಕರಿ ರಂಗೇಶ್ ಒಳಗೆ ಬಂದ. ನಮಸ್ಕಾರ ಹೇಳಿದವನೇ ಜೇಬಿನಿಂದ ಟೇಪು ತೆಗೆದು ಅಡುಗೆಮನೆಯ ಗೋಡೆಯನ್ನು ಅಳೆಯತೊಡಗಿದ. ಮಾತು ಕಾಯುತ್ತದೆ, ಹಿಟ್ಟು ಕಾಯುವುದಿಲ್ಲ. ಶಿವರುದ್ರಮ್ಮ ಮೊದಲು ಹಿಟ್ಟನ್ನು ಗಂಟಿಲ್ಲದಂತೆ ತಿರುವಿ, ತಟ್ಟೆ ಮುಚ್ಚಿ, ಹಣೆಯ ಬೆವರು ಒರೆಸಿಕೊಂಡು, ಆಮೇಲೆ ಏನಪ್ಪಾ ಅಳೀತಿದ್ದೀಯ ಎಂದು ಕೇಳಿದಳು.

"ಓವನ್ ಎಲ್ಲಿ ಕೂರ್ತದೆ ಅಂತ ನೋಡ್ತಿದ್ದೆ ಅಕ್ಕ. ಯುಗಾದಿ ಆದ್ಮೇಲೆ ನೀವು ಹೊರದೇಶಕ್ಕೆ ಹೊಂಟೋಯ್ತೀರಂತಲ್ಲ. ಈ ಜಾಗ ನಂಗೇ ಅಂತ ಪ್ರಭಣ್ಣ ಮಾತು ಕೊಟ್ಬುಟ್ಟವ್ರೆ."

ಸೊಪ್ಪು ಬಿಡಿಸುತ್ತಿದ್ದ ಕದರಮ್ಮನ ಕೈ ಅಲ್ಲೇ ನಿಂತಿತು. ಅವಳು ಆಂಧ್ರದ ಗಡಿಗೆ ಅಂಟಿದ ವೈ.ಎನ್. ಹೊಸಕೋಟೆಯ ಕಡೆಯವಳು. ಮೆಸ್ಸಿಗೆ ಕೆಲಸಕ್ಕೆ ಬಂದು ವರ್ಷಗಳಾಗಿದ್ದರೂ ಸಿಟ್ಟು ಬಂದರೆ ತೆಲುಗೇ ಮೊದಲು ಬಾಯಿಗೆ ಬರುತ್ತಿತ್ತು. "ಏಮಕ್ಕಾ ಇದಿ?" ಎಂದು ಶಿವರುದ್ರಮ್ಮನ ಮುಖ ನೋಡಿದಳು. ಶಿವರುದ್ರಮ್ಮನಿಗೂ ವಿಷಯ ತಿಳಿದದ್ದು ಆ ಗಳಿಗೆಯಲ್ಲೇ.

ಪ್ರಭುದೇವ್ ಶಿವರುದ್ರಮ್ಮನಿಗೆ ಗಂಡ. ಅದಕ್ಕೂ ಮೊದಲು ಸೋದರತ್ತೆಯ ಮಗ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅವಳ ಊರು ತೋವಿನಕೆರೆಗೆ ಬಂದನೆಂದರೆ ಅಂಗಳದಲ್ಲಿ ಪಾನಕದ ಅಂಗಡಿ ಇಡುತ್ತಿದ್ದ. ಓಣಿಯ ಮಕ್ಕಳು ಲೋಟ ಹಿಡಿದು ಬರತೊಡಗಿದ್ದೇ ತಡ, ಅಂಗಡಿಯಲ್ಲಿ ಅವಳನ್ನು ಕೂರಿಸಿ, ತಾನು ಗಾಳಿಪಟದ ಅಂಗಡಿ ಇಡಲು ಓಡುತ್ತಿದ್ದ. ಅವಳು ಸಂಜೆಯವರೆಗೆ ಪಾನಕ ಕಲಸುತ್ತಿದ್ದಳು. ಮದುವೆಗೆ ಹೂಂ ಅನ್ನುವಾಗ ಇದು ನೆನಪಾಗಬೇಕಿತ್ತು. ಆಗಲಿಲ್ಲ.

ಈ ಮೆಸ್ಸನ್ನು ಶುರು ಮಾಡಿದವನೂ ಅವನೇ. ಬೋರ್ಡು ಬರೆಸಿದ, ಕಾಯಿ ಒಡೆದ, ವಕೀಲರನ್ನೂ ಕಕ್ಷಿದಾರರನ್ನೂ ಕೈಹಿಡಿದು ಕರೆತಂದು ಎಲೆಯ ಮುಂದೆ ಕೂರಿಸಿದ. ಮೆಸ್ಸು ಕಾಲೂರುವಷ್ಟರಲ್ಲಿ ಮಸ್ಕತ್ತಿಗೆ ಹಾರಿದ. ಅಲ್ಲಿ ಕೂಲಿಕಾರರ ಕ್ಯಾಂಪುಗಳಿಗೆ ಮಜ್ಜಿಗೆ ಪ್ಯಾಕೆಟ್ಟಿನ ವ್ಯಾಪಾರ. ಬಿಸಿಲಿನ ದೇಶ, ಮಜ್ಜಿಗೆ ಹೊಳೆಯಂತೆ ಹರಿಯಿತು. ಹರಿಯತೊಡಗಿದ್ದೇ ಅವನಿಗೆ ಬೇಜಾರು ಬಂತು. ಪಾಲುದಾರನ ಕೈಗಿಟ್ಟು ಮೊಂಬಾಸಾಕ್ಕೆ ಹೋಗಿ ಕಡಲೆಕಾಯಿ ಎಣ್ಣೆಯ ಗಾಣ ಹಾಕಿದ. ಗಾಣದ ಘಮ ಬೀದಿಗೆ ಹಬ್ಬುವ ಹೊತ್ತಿಗೆ ಅವನ ಮನಸ್ಸು ಕೊಲಂಬೊದಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತುತ್ತಿತ್ತು. ಸೋತು ಬಂದಿದ್ದರೆ ಅವಳಿಗೆ ಇಷ್ಟು ಸಂಕಟವಿರುತ್ತಿರಲಿಲ್ಲ. ಸೋತವನಿಗೆ ಬಿಸಿ ಅನ್ನ ಹಾಕಿ, ಹೋಗಲಿ ಬಿಡಿ ಅನ್ನಬಹುದು. ಗೆಲುವಿನ ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುವವನಿಗೆ ಏನನ್ನುವುದು? ಮೆಸ್ಸಿನ ಗೋಡೆಯ ಮೇಲೆ ಅವನ ಫೋಟೋಗಳಿದ್ದವು. ಮಸ್ಕತ್ತಿನಲ್ಲಿ ರಿಬ್ಬನ್ ಕತ್ತರಿಸುವುದು, ಮೊಂಬಾಸಾದಲ್ಲಿ ದೀಪ ಹಚ್ಚುವುದು, ಕೊಲಂಬೊದಲ್ಲಿ ಕುಂಬಳಕಾಯಿ ಒಡೆಯುವುದು. ಎಲ್ಲವೂ ಮೊದಲನೆಯ ದಿನದವು. ಎರಡನೆಯ ದಿನದ ಫೋಟೋ ಒಂದೂ ಇರಲಿಲ್ಲ.

ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಪ್ರಭುದೇವ್ ಬಂದ. ಕೊಲಂಬೊದಿಂದ ಬಂದು ತಿಂಗಳೂ ತುಂಬಿರಲಿಲ್ಲ. ರಂಗೇಶನ ಸುದ್ದಿ ಎತ್ತಿದರೆ ನಾಚಿಕೆಪಡಲಿಲ್ಲ. ನಾನೇ ಹೇಳೋಣ ಅಂತಿದ್ದೆ ಎಂದು ಕುರ್ಚಿ ಎಳೆದುಕೊಂಡ. ಜಾರ್ಜಿಯಾ ಎಂಬ ದೇಶ, ಟಿಬಿಲಿಸಿ ಎಂಬ ಊರು. ಸಿರಾದ ಚೇತನ್ ಕುಮಾರ್ ಅಲ್ಲಿಗೆ ಡಾಕ್ಟರಿಕೆ ಓದಲು ಮಕ್ಕಳನ್ನು ಕಳಿಸುತ್ತಾನೆ. ಆ ಮಕ್ಕಳು ಹಿಮದಲ್ಲಿ ಕುಳಿತು ಒಣ ರೊಟ್ಟಿ ಕಡಿಯುತ್ತಾ ಬಸ್ಸಾರು ನೆನೆದು ಅಳುತ್ತವಂತೆ. ಅಲ್ಲೊಂದು ಮೆಸ್ಸು ಹಾಕಬೇಕು. ಇಷ್ಟು ದಿನ ತಾನೊಬ್ಬನೇ ಹೋಗುತ್ತಿದ್ದ, ಈ ಸಲ ಅವಳ ಕೈಯಿಲ್ಲದೆ ಆಗದು.

ಅವಳು ಕೇಳಿದ್ದು ಒಂದೇ: ಅಲ್ಲಿ ಎಲೆ ತುಂಬತೊಡಗಿದ ಮೇಲೆ ನೀವು ಯಾವ ದೇಶಕ್ಕೆ ಹೋಗುತ್ತೀರಿ, ನಾನು ಹಿಮದಲ್ಲಿ ಯಾರ ಮುಖ ನೋಡಿಕೊಂಡು ಮುದ್ದೆ ಕಟ್ಟಲಿ? ಅವನು ನಕ್ಕ. ಬಡಿಸುವ ಸೌಟು ತೊಳೆಯುತ್ತಿದ್ದ ಕದರಮ್ಮ, ನಮ್ಮಣ್ಣ ದೇವರಂಗೆ ಕಣಕ್ಕ, ಹುಟ್ಟಿಸೋದು ಮಾತ್ರ ಅವ್ರ ಕೆಲಸ, ಸಾಕೋರು ಬೇರೆ ಎಂದಳು. ಅದಕ್ಕೂ ನಕ್ಕ. ಅವನ ಮೇಲೆ ಸಿಟ್ಟು ನಿಲ್ಲುವುದು ತಾವರೆ ಎಲೆಯ ಮೇಲೆ ನೀರು ನಿಂತಂತೆ.

"ನಾನೇನು ಬಲವಂತ ಮಾಡ್ತೀನಾ ರುದ್ರಿ? ಅಪ್ಪನ್ನ ಕೇಳಾನ. ಬಲಗಡೆ ಹೂ ಕೊಟ್ರೆ ಹೋಗಾನ. ಎಡಗಡೆ ಕೊಟ್ರೆ ರಂಗೇಶಂಗೆ ನಾನೇ ಇಲ್ಲ ಅಂತೀನಿ."

ಇದಕ್ಕೆ ಶಿವರುದ್ರಮ್ಮ ಬೇಡ ಎನ್ನುವಂತಿರಲಿಲ್ಲ. ಅಪ್ಪ ಎಂದರೆ ತೋವಿನಕೆರೆಯ ಹೊರಗಿನ ಗುಡಿಯ ವೀರಭದ್ರ. ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂವಿನೆಸಳು ಅಂಟಿಸಿ ಪ್ರಸಾದ ಕೇಳುವುದು ಆ ಸೀಮೆಯ ವಾಡಿಕೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಆ ಗುಡಿಯ ಪೂಜೆ ಅವಳ ತಂದೆ ವೃಷಭೇಂದ್ರಪ್ಪನವರದು. ಪೂಜಾರಿಯ ಮಗಳಾಗಿ ಹುಟ್ಟಿ, ಬಿದ್ದ ಹೂವನ್ನು ಮೀರಿ ನಡೆಯುವುದುಂಟೆ? ಬಲಕ್ಕೆ ಬಿದ್ದರೆ ಮೆಸ್ಸು ಹೋಯಿತು ಎಂದೇ ಅರ್ಥ. ಪ್ರಭುದೇವ್ ಕೇಳಿದಾಗಲೆಲ್ಲ ಅದು ಬಲಕ್ಕೇ ಬಿದ್ದಿತ್ತು. ಮಧುಗಿರಿಯ ಮೆಸ್ಸಿಗೂ, ಮಸ್ಕತ್ತಿಗೂ, ಮೊಂಬಾಸಾಕ್ಕೂ, ಕೊಲಂಬೊಗೂ.

ಮಂಗಳವಾರ ಬೆಳಿಗ್ಗೆ ಅಡುಗೆಯನ್ನು ಕದರಮ್ಮನಿಗೆ ಒಪ್ಪಿಸಿ, ಕೋರ್ಟು ಊಟಕ್ಕೆ ಏಳುವ ಮೊದಲು ಬರುತ್ತೇನೆಂದು ಹೇಳಿ ಅವಳು ಬಸ್ಸು ಹತ್ತಿದಳು. ಕೊರಟಗೆರೆ ದಾಟುವವರೆಗೂ ಪ್ರಭುದೇವ್ ಟಿಬಿಲಿಸಿಯ ಮೆಸ್ಸಿಗೆ ಯಾವ ಹೆಸರಿಡುವುದೆಂದು ಯೋಚಿಸುತ್ತಿದ್ದ. ಒಂದೊಂದಾಗಿ ಹೇಳಿ ಹೇಗಿದೆ ಎಂದು ಕೇಳುತ್ತಿದ್ದ. ಅವಳು ಕಿಟಕಿಯ ಕಡೆಗೆ ತಿರುಗಿ ಕುಳಿತಿದ್ದಳು.

ಗುಡಿಯೊಳಗೆ ವೃಷಭೇಂದ್ರಪ್ಪನವರು ಎಸಳು ಅಂಟಿಸಿ, ವಿಭೂತಿಯ ಕೈಗಳನ್ನು ಜೋಡಿಸಿದರು. ಅವರದು ರಾಗದ ಪ್ರಾರ್ಥನೆ. ಭಕ್ತರ ಪ್ರಶ್ನೆಯನ್ನು ಕೇಳಿಸಿಕೊಂಡು ಅದನ್ನೇ ಎಳೆ ಎಳೆಯಾಗಿ ಹಾಡಿ ದೇವರಿಗೆ ಒಪ್ಪಿಸುತ್ತಿದ್ದರು. ಶಿವರುದ್ರಮ್ಮ ಚಿಕ್ಕಂದಿನಲ್ಲಿ ಕಂಬಕ್ಕೆ ಒರಗಿ ಇದನ್ನು ಕೇಳಿಯೇ ಬೆಳೆದವಳು. ಊರಿನ ಮದುವೆ, ಬಾವಿ, ಮನೆ, ಎತ್ತು, ಎಲ್ಲದರ ಪ್ರಶ್ನೆಯೂ ಅವಳ ಕಿವಿಯಲ್ಲಿ ಅದೇ ರಾಗದಲ್ಲಿತ್ತು. ಈಗಲೂ ಅದೇ ಕಂಬಕ್ಕೆ ಒರಗಿದಳು.

"ಏನ್ಲಾ ಪ್ರಭು, ಈ ಸಲ ಯಾವ ದೇಶ?" ಎಂದರು ಮಾವ. ಅವರ ದನಿಯಲ್ಲೇ ದಣಿವಿತ್ತು.

"ಟಿಬಿಲಿಸಿ ಮಾವ. ಅಲ್ಲಿ ಮೆಸ್ಸು ಶುರು ಮಾಡ್ಲಾ ಅಂತ ಕೇಳಿ."

ಆ ಹೆಸರು ರಾಗಕ್ಕೆ ಸಿಕ್ಕಲಿಲ್ಲ. ಎರಡು ಸಲ ಎಡವಿ, ಕೊನೆಗೆ, ತಂದೆ, ಅದೆಂಥದೋ ಚಳಿಯ ಊರಂತೆ, ಅಲ್ಲಿ ನಿನ್ನ ಕಂದ ಅನ್ನದ ಒಲೆ ಶುರು ಮಾಡಲೋ ಎಂದು ಹಾಡಿ ಮುಗಿಸಿದರು. ಹಾಡು ನಿಲ್ಲುವುದಕ್ಕೇ ಕಾದಿತ್ತೆಂಬಂತೆ ಬಲಗಡೆಯ ಎಸಳು ಜಾರಿ ಪಾದಕ್ಕೆ ಬಿತ್ತು.

ಪ್ರಭುದೇವ್ ಅದನ್ನು ಕಣ್ಣಿಗೊತ್ತಿಕೊಂಡು ಹೆಂಡತಿಯ ಕಡೆಗೆ ತಿರುಗಿದ. ಶಿವರುದ್ರಮ್ಮನಿಗೆ ಅವನು ಕಾಣಲಿಲ್ಲ. ಕಿವಿಯಲ್ಲಿ ಅಪ್ಪಾಜಿಯ ರಾಗ ತಿರುಗುತ್ತಿತ್ತು. ಮಜ್ಜಿಗೆ ಶುರು ಮಾಡಲೋ, ಗಾಣ ಶುರು ಮಾಡಲೋ, ತಟ್ಟೆ ಶುರು ಮಾಡಲೋ. ಊರಿನವರೆಲ್ಲ ಬಗೆಬಗೆಯಾಗಿ ಕೇಳುತ್ತಿದ್ದರು, ಎತ್ತು ಕೊಳ್ಳಲೋ ಎಂದವರೇ ಎತ್ತು ಮಾರಲೋ ಎಂದೂ ಬರುತ್ತಿದ್ದರು. ಇವನ ಹಾಡಿಗೆ ಮಾತ್ರ ಒಂದೇ ಸೊಲ್ಲು. ಯಾರಾದರೂ ಒಲೆ ಹಚ್ಚಲೋ ಎಂದರೆ ಯಾವ ದೇವರು ತಾನೇ ಬೇಡ ಎಂದಾನು?

"ಅಪ್ಪಾಜಿ, ಇನ್ನೊಂದು ಪ್ರಶ್ನೆ ಐತೆ," ಎಂದಳು. ಆಮೇಲೆ ಗಂಡನ ಕಡೆ ನೋಡಿದಳು. "ನೀವು ಇಲ್ಲಿಗಂಟ ಶುರು ಮಾಡ್ಲಾ ಅಂತ ಮಾತ್ರ ಕೇಳ್ಕಂಡು ಬಂದ್ರಿ. ಬುಡ್ಲಾ ಅಂತ ಒಂದಿನಾನಾದ್ರೂ ಕೇಳಿದ್ರಾ? ಮಸ್ಕತ್ ಬುಟ್ರಿ, ಅಪ್ಪನ್ನ ಕೇಳ್ಲಿಲ್ಲ. ಗಾಣ ಬುಟ್ರಿ, ಕೇಳ್ಲಿಲ್ಲ. ಮಧುಗಿರಿ ಮೆಸ್ಸು ಕೊಟ್ಟಿದ್ದೂ ಇದೇ ಅಪ್ಪ. ಅದನ್ನ ಬುಟ್ಟೋಗಾಕೆ ಅಪ್ಪಣೆ ಎಲ್ಲೈತೆ?"

ವೃಷಭೇಂದ್ರಪ್ಪನವರು ಗಂಡ ಹೆಂಡಿರ ಜಗಳವನ್ನು ಗರ್ಭಗುಡಿಗೆ ತರಬಾರದು ಎಂದು ಗೊಣಗಿದರು. ಗೊಣಗುತ್ತಲೇ ಹೊಸ ಎಸಳುಗಳನ್ನು ನೀರಿನಲ್ಲಿ ಅದ್ದಿ ಎರಡು ಭುಜಕ್ಕೂ ಅಂಟಿಸಿದರು. ತಂದೆ, ನಿನ್ನ ಕಂದ ಹಚ್ಚಿದ ಒಲೆ ಮಧುಗಿರಿಯಲ್ಲಿ ಉರಿಯುತ್ತಿದೆ, ಅದನ್ನು ಬಿಟ್ಟು ಹೋಗಲೋ ಎಂದು ಹಾಡಿದರು. ಅವಳು ಕೇಳಿದ ಎಲ್ಲ ಹಾಡಿಗಿಂತ ಅದು ಇಂಪಾಗಿತ್ತು.

ಹೂ ಬೀಳಲಿಲ್ಲ. ದೀಪದ ಬತ್ತಿ ಎಳೆದರು, ಗಂಟೆ ಬಾರಿಸಿದರು, ಬೀಳಲಿಲ್ಲ. ಪ್ರಶ್ನೆ ಇಟ್ಟ ಮೇಲೆ ಹೂ ಬೀಳುವ ತನಕ ಕದಲುವಂತಿಲ್ಲ, ಅದು ಕಟ್ಟಳೆ. ಹೊತ್ತು ಏರಿತು. ಕೋರ್ಟು ಊಟಕ್ಕೆ ಏಳುವ ಸಮಯ ಹತ್ತಿರವಾಗಿ ಅವಳ ಕಣ್ಣು ಮತ್ತೆ ಮತ್ತೆ ಬಾಗಿಲಿನ ಕಡೆಗೆ ಹೋಯಿತು. ಕೇಳಿದವಳು ನಾನು, ಹೊರಡಬಹುದಾ ಎಂದು ತಂದೆಯನ್ನು ಕೇಳಿದಳು.

"ಕೇಳಿದ್ದು ನೀನಾದ್ರೂ ಇಚಾರ ಅವನ್ದು ಕಣಮ್ಮ," ಎಂದರು ವೃಷಭೇಂದ್ರಪ್ಪ. "ಯಾರ ಇಚಾರವೋ ಅವ್ನು ಕೂರ್ಲಿ. ನೀನು ಹೋಗಿ ಬಡ್ಸು."

ಪ್ರಭುದೇವ್ ಎದ್ದು ನಿಲ್ಲಲು ಹೋದ. ಮಾವ ಒಂದು ನೋಟ ನೋಡಿದರು. ಕುಳಿತ. ಮೊಬೈಲು ತೆಗೆದ, ಗುಡಿಯಲ್ಲಿ ಅದೂ ಬೇಡವೆಂದರು. ಜಗತ್ತಿನ ಯಾವ ಊರಲ್ಲೂ ಕೂರದ ಮನುಷ್ಯ ತೋವಿನಕೆರೆಯ ಗುಡಿಯ ತಣ್ಣನೆಯ ನೆಲದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತದ್ದನ್ನು ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, ಶಿವರುದ್ರಮ್ಮ ಬಸ್ಸಿಗೆ ಓಡಿದಳು.

ಪಂಕ್ತಿ ನಡೆಯಿತು. ಹುಳಿ ಕಡಿಮೆಯಾಯಿತೆಂದು ಒಬ್ಬ ವಕೀಲರು ಅಂದರು, ಇನ್ನೊಬ್ಬರು ಹೆಚ್ಚಾಯಿತೆಂದರು. ರಂಗೇಶ್ ಮತ್ತೆ ಬಂದು ಸ್ವಿಚ್ ಬೋರ್ಡು ಯಾವ ಗೋಡೆಗಿದ್ದರೆ ಚೆನ್ನ ಎಂದು ಕೇಳಿದ. ಅವಳು ಅವನಿಗೂ ಒಂದು ಎಲೆ ಹಾಕಿ, ಉಂಡು ಹೋಗು, ಬೋರ್ಡಿನ ಮಾತು ದೇವರ ಹತ್ತಿರ ಇದೆ ಎಂದಳು. ಫೋನು ಬರಲಿಲ್ಲ. ಪಾತ್ರೆ ತೊಳೆದದ್ದಾಯಿತು, ಬರಲಿಲ್ಲ. ಬಲಕ್ಕೆ ಬಿದ್ದಿರಬೇಕು, ಹೇಳಲು ಅಪ್ಪಾಜಿಗೆ ನಾಲಿಗೆ ಏಳುತ್ತಿಲ್ಲ ಎಂದು ಅವಳ ಮನಸ್ಸು ಹೆದರಿತು. ಬಿಟ್ಟು ಹೋಗುವ ಕಣ್ಣಿನಿಂದ ಒಲೆಯನ್ನೂ ಕರಿಹಿಡಿದ ಗೋಡೆಯನ್ನೂ ನೋಡುತ್ತಾ ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಪ್ರಭುದೇವ್ ಬಂದ. ಕಾಲು ಜೋಮು ಹಿಡಿದು ಕುಂಟುತ್ತಿದ್ದ. ಮುಷ್ಟಿ ಬಿಚ್ಚಿ ಬಾಡಿದ ಎಸಳನ್ನು ಅವಳ ಅಂಗೈಗೆ ಹಾಕಿದ.

"ಎಡಗಡೆ," ಎಂದ. "ಬುಡಬ್ಯಾಡ ಅಂತ ಆಯ್ತು. ಟಿಬಿಲಿಸಿ ಶುರು ಮಾಡು ಅಂದವ್ನೆ, ಆದ್ರೆ ಇದನ್ನ ಬುಡೋ ಅಪ್ಪಣೆ ಸಿಕ್ಕಿದ್ಮೇಲಂತೆ. ಮಾವ ಅಂಗೇ ಬುಡಿಸಿ ಹೇಳುದ್ರು. ಬರೋ ದಾರೀಲಿ ರಂಗೇಶಂಗೂ ಇಲ್ಲ ಅಂದ್ಬುಟ್ಟೆ."

ಶಿವರುದ್ರಮ್ಮ ಎಸಳನ್ನು ದೇವರ ಪಟದ ಮುಂದಿಟ್ಟಳು. ಅವಳ ಎದೆ ಹಗುರಾಯಿತು. ಪಾಪ, ಇಡೀ ದಿನ ಉಪವಾಸ ಕುಳಿತಿದ್ದಾರೆ ಎಂದು ಎಲೆ ಹಾಕಲು ತಿರುಗಿದಳು. ಅಷ್ಟರಲ್ಲಿ ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು. ಆ ಸದ್ದು ಅವಳಿಗೆ ಗೊತ್ತು.

"ಕುಂತು ಕುಂತು ಯೋಚ್ನೆ ಮಾಡ್ದೆ ರುದ್ರಿ. ಬುಡಬ್ಯಾಡ ಅಂದ್ರೆ ಏನರ್ಥ? ಬೆಳೆಸು ಅಂತ. ಸಿರಾದಲ್ಲೊಂದು ಬ್ರಾಂಚು. ಕೊರಟಗೆರೇಲೊಂದು. ಪಾವಗಡದಲ್ಲಿ ಸೋಲಾರ್ ಕೆಲಸದೋರು ಬೇಜಾನ್ ಅವ್ರೆ, ಅಲ್ಲಿ ಕದರಮ್ಮನ್ನ ಕೂರಿಸಿದ್ರೆ…"

ಕದರಮ್ಮ ತೊಳೆದ ಪಾತ್ರೆಯನ್ನು ಮತ್ತೊಮ್ಮೆ ತೊಳೆಯತೊಡಗಿದಳು. ಶಿವರುದ್ರಮ್ಮ ಕೈಗೆತ್ತಿಕೊಂಡ ಎಲೆಯನ್ನು ಮಡಿಸಿಟ್ಟಳು. ಒಲೆಗೆ ಎಸರಿಟ್ಟು, ಅದು ಮರಳುವ ತನಕ ಕಾದಳು. ಹಿಟ್ಟು ಸುರಿದು, ಮುದ್ದೆ ಕೋಲನ್ನು ಗಂಡನ ಕೈಗೆ ಕೊಟ್ಟಳು.

"ಮೊದ್ಲು ಇದನ್ನ ತಿರುವಿ. ಗಂಟು ಒಡೆಯೋಗಂಟ ಕೋಲು ಬುಡಂಗಿಲ್ಲ. ನಾಳೇನೂ ನೀವೇ, ನಾಳಿದ್ದೂ ನೀವೇ. ಸಿರಾದ ಮಾತು ಆಮೇಲೆ."

ಅವನು ಎದ್ದ. ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು, ಉತ್ಸಾಹದಿಂದಲೇ ಶುರು ಮಾಡಿದ.