ಅಂಚಿನ ಕಲ್ಲು

ಸಿರಾದಿಂದ ಮಲ್ಪೆಗೆ ಇಬ್ಬರ ಬಸ್ ಖರ್ಚು ಇಪ್ಪತ್ತೆರಡು ರೂಪಾಯಿ, ದೋಣಿ ಬಾಡಿಗೆ ಐದು, ಗೋಣಿಚೀಲಕ್ಕೆ ಮೂರು. ಚಿಪ್ಪಿಗೆ ಮಾತ್ರ ಕಾಸಿಲ್ಲ. ಮಲ್ಪೆಯಾಚೆಯ ದ್ವೀಪದ ದಡಕ್ಕೆ ಕಡಲೇ ತಂದು ಸುರಿಯುತ್ತದೆ. ಸುಟ್ಟರೆ ಎಲೆ ಅಡಿಕೆಗೆ ಬೆಳ್ಳಗಿನ ಸುಣ್ಣ. ಸಿರಾ ಪೇಟೆಯಲ್ಲಿ ಸುಣ್ಣದಂಗಡಿ ಇಟ್ಟಿದ್ದ ಮುನೀರ್ ಸಾಬರಿಗೆ ಈ ಲೆಕ್ಕ ಸರಿಯಾಗಿಯೇ ಕಂಡಿತ್ತು. 1961ರ ಮಾಘದಲ್ಲಿ ಅವರು ಮದಲೂರಿನ ಕಲ್ಲು ಕೆಲಸದ ಸಿದ್ದಗಂಗಯ್ಯನನ್ನು ಜೊತೆಗೆ ಕರೆದುಕೊಂಡು ಹೊರಟರು.

ದೋಣಿಯವನು ಗುರುವ, ಮಲ್ಪೆಯ ಮೀನುಗಾರ. ದ್ವೀಪ ಮುಟ್ಟಿದಾಗ ಸಿದ್ದಗಂಗಯ್ಯ ಬಾಯಿಬಿಟ್ಟು ನಿಂತ. ಹಿಂದೆಂದೋ ಭೂಮಿಯೊಳಗಿನ ಬೆಂಕಿ ಉಕ್ಕಿ, ಆರಿ, ಹೆಪ್ಪುಗಟ್ಟಿದ ಕಪ್ಪು ಕಲ್ಲು ಐದಾರು ಮೂಲೆಯ ಕಂಬಗಳಾಗಿ ನಿಂತಿತ್ತು. ಅಲೆ ಹೊಡೆದು ಹೊಡೆದು ಕೆಲವು ಕಂಬ ಮುರಿದು ಬಿದ್ದಿದ್ದವು, ಕೆಲವು ಮೊಣಕಾಲೆತ್ತರ ಉಳಿದಿದ್ದವು.

“ಯಾರೋ ಕಂಬ ಕಡ್ದು ನಿಲ್ಸಿ, ಕೂಲಿ ಇಸ್ಕೊಳ್ದೆ ಹೋದಂಗೈತಲ್ಲ ಸಾಬ್ರೆ.”

“ನೀನಾಗಿದ್ರೆ ಕಂಬ ನಿಲ್ಸೋಕ್ ಮುಂಚೇನೇ ಕೂಲಿ ಇಸ್ಕೊಂಡ್ ಹೋಗ್ತಿದ್ದೆ ಬುಡು.”

ಗುರುವ ದೋಣಿಯ ಹಗ್ಗವನ್ನು ಅವರ ಕೈಗೆ ಕೊಟ್ಟ. “ನಾನು ಆಚೆ ಬದಿಯಲ್ಲಿ ಗಾಳ ಹಾಕಿ ಬರ್ತೇನೆ. ನೀರು ಏರ್ತಾ ಉಂಟು. ಒಬ್ಬರು ಹಗ್ಗ ಹಿಡ್ಕೊಂಡೇ ಇರಿ ಮಾರಾಯ್ರೆ. ಕಲ್ಲಿಗೆ ಕಟ್ಟಬೇಡಿ.”

ಹಿಡಿದು ನಿಂತರೆ ಚೀಲ ತುಂಬುವವರು ಯಾರು? ಗುರುವ ಮರೆಯಾದ ಮೇಲೆ ಸಿದ್ದಗಂಗಯ್ಯ ಹಗ್ಗವನ್ನು ಒಂದು ಕಂಬಕ್ಕೆ ಸುತ್ತಿ ಗಂಟು ಬಿಗಿದ. “ಇದೇ ಗಂಟ್ನಾಗೆ ನಮ್ಮ ಗುಡ್ಡದಿಂದ ಆನೆಗಾತ್ರದ ಕಲ್ಲು ಇಳ್ಸಿವ್ನಿ. ದೋಣಿ ಯಾವ್ ಲೆಕ್ಕ ಬುಡಿ.”

ಗಂಟು ಸಡಿಲವಾಗಲಿಲ್ಲ. ಆದರೆ ಸಿರಾ ಸೀಮೆಯ ಬಂಡೆ ಗುಂಡಗೆ. ಈ ಕಲ್ಲಿಗೆ ಕತ್ತಿಯಂಥ ಅಂಚು. ಏರುವ ನೀರು ದೋಣಿಯನ್ನು ಜಗ್ಗಿದಂತೆಲ್ಲ ನಾರಿನ ಹಗ್ಗ ಅಂಚಿಗೆ ಉಜ್ಜಿ ತುಂಡಾಯಿತು. ಚಿಪ್ಪು ಆಯುತ್ತಿದ್ದವರು ತಲೆಯೆತ್ತುವಷ್ಟರಲ್ಲಿ ಗಾಳಿ ದೋಣಿಯನ್ನು ದೂರ ಒಯ್ದಿತ್ತು.

ಅವರ ಕೂಗಿಗೆ ಗುರುವ ಓಡಿ ಬಂದು ನೀರಿಗೆ ಹಾರಿದ. ದೋಣಿ ಸಿಗಲಿಲ್ಲ. ಈಜಿ ತಿರುಗಿ ಬರುವಾಗ ಅಲೆ ಅವನನ್ನು ಎತ್ತಿ ಕಂಬಗಳ ಮೇಲೆ ಬಡಿಯಿತು. ಇಬ್ಬರೂ ಎಳೆದು ತಂದಾಗ ಎಡ ಮಂಡಿಯ ಕೆಳಗೆ ಎಲುಬು ಕಾಣುತ್ತಿತ್ತು.

ಮುನೀರ್ ತಲೆಯ ರುಮಾಲು ಹರಿದು ಅವನ ತೊಡೆಗೆ ಬಿಗಿದರು. ರಕ್ತ ನಿಲ್ಲಲಿಲ್ಲ. ಕುಡಿಯುವ ನೀರಿನ ಕೊಡವೂ ದೋಣಿಯಲ್ಲೇ ಹೋಗಿತ್ತು.

“ಕೂಗು ಸಿದ್ದಣ್ಣ, ಯಾರಾದ್ರೂ ಬಂದಾರು.”

“ಅಲೆ ಸದ್ದಿಗೆ ನನ್ ಕೂಗು ನಂಗೇ ಕೇಳ್ತಿಲ್ವಲ್ಲ ಸಾಬ್ರೆ.”

ಹೊತ್ತು ಇಳಿಯುತ್ತಿತ್ತು. ದೂರದಲ್ಲಿ ಮೀನಿನ ದೋಣಿಗಳು ಊರಿಗೆ ಮರಳುತ್ತಿದ್ದವು. ಮುನೀರ್ ತುಂಬಿದ ಚೀಲಗಳನ್ನೆಲ್ಲ ಬೋರಲು ಹಾಕಿ ಚಿಪ್ಪು ಸುರಿದರು. ಎತ್ತರದ ಕಲ್ಲಿನ ಮೇಲೆ ಗೋಣಿ ಪೇರಿಸಿ, ಜೇಬಿನ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದರು. ಗಾಳಿಗೆ ಆರಿತು. ಸಿದ್ದಗಂಗಯ್ಯ ಉಟ್ಟ ಪಂಚೆ ಬಿಚ್ಚಿ ಗಾಳಿಗೆ ಅಡ್ಡ ಹಿಡಿದ. ಗೋಣಿ ಹೊಗೆಯಾಡಿ ಹತ್ತಿಕೊಂಡಿತು.

ಒಂದು ದೋಣಿ ನೋಡದೆ ಹೋಯಿತು. ಇನ್ನೊಂದೂ ಹೋಯಿತು.

“ಕಣ್ ಮುಚ್ಬೇಡ ತಮ್ಮಾ, ಮಾತಾಡ್ತಾ ಇರು,” ಎಂದು ಮುನೀರ್ ಗುರುವನ ಕೆನ್ನೆ ತಟ್ಟುತ್ತಿದ್ದರು. ಗೋಣಿಯೆಲ್ಲ ಉರಿದು ಮುಗಿಯುವ ಹೊತ್ತಿಗೆ ಹಿಂದುಳಿದಿದ್ದ ಒಂದು ದೋಣಿ ಅವರತ್ತ ತಿರುಗಿತು.

ಗುರುವ ಬದುಕಿದ. ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮಂಡಿಯಿಂದ ಕೆಳಕ್ಕೆ ತೆಗೆದರು. ದೋಣಿ ಸಿಗಲಿಲ್ಲ.