ಮೂವತ್ತೆರಡನೆಯ ಅಂಗಿ ತುಂಡು

ಬೇಟೆಮನೆಯ ಒಲೆಯ ಹಿಂದಿನ ಗೋಡೆಯಲ್ಲಿ ಮೂವತ್ತೊಂದು ಅಂಗಿ ತುಂಡುಗಳಿದ್ದವು. ಜಿಂಕೆಗೆ ಈಡು ಹೊಡೆದು ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಹೆಸರು ತಾರೀಕು ಬರೆದು ಮೊಳೆ ಹೊಡೆಯುವುದು ಅಲ್ಲಿನ ಕಟ್ಟಳೆ. ಅವುಗಳಲ್ಲಿ ಏಳು ಡೆಲ್ಬರ್ಟನವು. ಅವನ ಗೆಳೆಯ ರೇಯ್ನೊ ಕಂಗಾಸನದು ಒಂದೂ ಇಲ್ಲ. ನಲವತ್ತಾರು ನವೆಂಬರುಗಳಿಂದ ಕತ್ತರಿ ರೇಯ್ನೊ ಕೈಯಲ್ಲೇ ಇತ್ತು. ಕತ್ತರಿಸುವ ಮೊದಲು ಅದನ್ನು ಸೋತವನ ಕಿವಿಯ ಬಳಿ ಎರಡು ಸಲ ಕಚಕಚ ಅನ್ನಿಸುವ ಚಾಳಿ ಬೇರೆ.

ಈ ನವೆಂಬರಿನಲ್ಲಿ ಬೇಟೆ ಶುರುವಾದ ಮೊದಲ ದಿನವೇ, ಸೀಡರ್ ಮರಗಳ ಜೌಗಿನ ಅಂಚಿನಲ್ಲಿ, ಹತ್ತು ಕವಲಿನ ಕೊಂಬಿನ ಗಂಡು ಜಿಂಕೆಗೆ ರೇಯ್ನೊ ಹೊಡೆದ. ಜಿಂಕೆ ಬೀಳಲಿಲ್ಲ. ಹಿಮದ ಮೇಲೆ ಒಂದಿಷ್ಟು ಕೂದಲು, ಮುಂದೆ ರಕ್ತದ ಹನಿ. ದಾರಿ ತಪ್ಪದಿರಲೆಂದು ಎಲ್ಲ ಬೇಟೆಗಾರರಂತೆ ಅವನೂ ಹನಿ ಕಂಡಲ್ಲೆಲ್ಲ ಟಾಯ್ಲೆಟ್ ಪೇಪರಿನ ಚೂರೊಂದನ್ನು ಕೊಂಬೆಗೆ ಸಿಕ್ಕಿಸುತ್ತ ಹೋದ. ಹತ್ತೊಂಬತ್ತನೆಯ ಚೂರಿನ ಆಚೆ ಹನಿಯೂ ಇಲ್ಲ, ಹೆಜ್ಜೆಯೂ ಇಲ್ಲ. ಮರುದಿನ ಹುಡುಕಿದ, ಅದರ ಮರುದಿನವೂ ಹುಡುಕಿದ.

ಹೊಡೆದದ್ದನ್ನು ಹುಡುಕಿ ತರಲಾರದವನು ಕೋವಿ ಮುಟ್ಟಬಾರದು ಎಂದು ಕಂಡಕಂಡವರಿಗೆಲ್ಲ ಬುದ್ಧಿ ಹೇಳಿದವನು ಅವನೇ. ಈಗ ಊಟಕ್ಕೆ ಕೂತರೆ, ಹೊಟ್ಟೆಯಲ್ಲಿ ಗುಂಡು ಹೊತ್ತು ಜೌಗಿನಲ್ಲಿ ಒದ್ದಾಡುವ ಜಿಂಕೆ ಕಣ್ಣಿಗೆ ಕಟ್ಟುತ್ತಿತ್ತು. ತಟ್ಟೆಯಲ್ಲಿ ಮಾಂಸ ತುಂಬಿದ ಕಡುಬು, ಪ್ಯಾಸ್ಟಿ, ಹಾಗೆಯೇ ಆರಿಹೋಗುತ್ತಿತ್ತು.

"ತಪ್ತು ಅಂದ್ಬಿಡೋ ಮಾರಾಯ," ಎಂದ ಡೆಲ್ಬರ್ಟ್. "ಅಂಗಿ ಹೋದ್ರೆ ಹೋಯ್ತು, ಮನಸ್ಸಾದ್ರೂ ಹಗುರಾಗುತ್ತೆ."

"ರಕ್ತ ನೀನೂ ನೋಡಿದೀಯಲ್ಲೋ. ಸುಳ್ಳು ಹೇಳಿ ಅಂಗಿ ಕೊಡ್ಲಾ? ಸಾಕು. ಕೋವಿ ಐಲಾಗೆ ಕೊಡ್ತೀನಿ. ಇನ್ನು ನಾನು ಕಾಡಿಗೆ ಬರಲ್ಲ."

ಐಲಾ ಅವನ ತಮ್ಮನ ಮಗಳು. ಮರಮರಕ್ಕೂ ಕ್ಯಾಮೆರಾ ಕಟ್ಟಿ, ಯಾವ ಜಿಂಕೆ ಯಾವ ಹೊತ್ತಿಗೆ ಎಲ್ಲಿ ಓಡಾಡುತ್ತದೆಂದು ನೋಡುವುದು ಅವಳ ಪದ್ಧತಿ. "ಫೋಟೋ ನೋಡ್ಕೊಂಡು ಬೇಟೆ ಆಡೋದು ಅಂದ್ರೆ ಮದುವೆ ಆಲ್ಬಂ ನೋಡ್ಕೊಂಡು ಸಂಸಾರ ಮಾಡ್ದಂಗೆ," ಎಂದು ರೇಯ್ನೊ ಅವಳನ್ನು ಆಡಿಕೊಳ್ಳುತ್ತಿದ್ದ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಟೋಪಿಯ ಹಿಮವನ್ನೂ ಕೊಡವದೆ ಒಳಗೆ ಬಂದು, ಕ್ಯಾಮೆರಾದಿಂದ ತೆಗೆದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಳು.

"ದೊಡ್ಡಪ್ಪ, ಇಲ್ಲಿ ಬಾ. ನಿನ್ನ ಜಿಂಕೆ."

ಅದೇ ಕೊಂಬು, ಅದೇ ಜೌಗು. ರೇಯ್ನೊ ಪರದೆಯ ಹತ್ತಿರಕ್ಕೆ ಬಗ್ಗಿದ. ಆಮೇಲೆ ಕೆಳಗಿನ ಅಂಕಿ ಕಣ್ಣಿಗೆ ಬಿತ್ತು.

"ಜನವರಿ ಒಂದು ಅಂತಿದೆ! ಹಳೇ ಫೋಟೋ ತೋರ್ಸಿ ಮುದುಕನಿಗೆ ಸಮಾಧಾನ ಮಾಡ್ತೀಯೇನೇ?"

"ಮೊನ್ನೆ ಮೊನ್ನೆ ಬ್ಯಾಟರಿ ಹಾಕ್ದೆ. ತಾರೀಕು ಇಡೋದು ಮರ್ತೋಯ್ತು, ದೊಡ್ಡಪ್ಪ. ಇಡ್ದಿದ್ರೆ ಎಲ್ಲಾ ಫೋಟೋಗೂ ಜನವರಿ ಒಂದು ಅಂತಲೇ ಬೀಳುತ್ತೆ."

"ಅಂದ್ರೆ ನಾನು ಹೊಡೆಯೋದಕ್ಕೆ ಮುಂಚಿನದೂ ಆಗಿರಬಹುದು."

ರೇಯ್ನೊ ಲ್ಯಾಪ್‌ಟಾಪ್ ಮುಚ್ಚಿಬಿಡೋಣವೆಂದು ಕೈ ಚಾಚಿದವನು ಹಾಗೇ ನಿಂತ. ಜಿಂಕೆಯ ಮೂತಿಯ ಎದುರಿನ ಕೊಂಬೆಯಲ್ಲಿ ಬೆಳ್ಳಗೆ ಏನೋ ಜೋತಾಡುತ್ತಿತ್ತು. ಹಿಮ ಹಾಗೆ ಜೋತಾಡುವುದಿಲ್ಲ. ಕನ್ನಡಕ ತಡಕಾಡಿ ಹಾಕಿಕೊಂಡ. ಕಾಗದ. ಅದರ ಮೇಲೆ ನೀಲಿ ಹೂವು. ತನ್ನ ಹೆಂಡತಿ ಅಂದಕ್ಕೆಂದು ತಂದು ಬೇಟೆಮನೆಗೆ ಕಳಿಸಿದ್ದ, ಇಬ್ಬರೂ ಬೇಟೆಗಾರರು ನಾಚಿಕೊಂಡೇ ಬಳಸುತ್ತಿದ್ದ ಹೂವಿನ ಟಾಯ್ಲೆಟ್ ಪೇಪರು!

"ಇದು ನಾನು ಸಿಕ್ಸಿದ್ದು," ಎಂದ. "ಹೊಡೆದ ಮೇಲೆ ಸಿಕ್ಸಿದ್ದು ಕಣೇ!"

"ಅದನ್ನ ಮೇಯ್ತಾ ಇದೆ ನೋಡು," ಎಂದಳು ಐಲಾ, ಅಳುತ್ತ ನಗುತ್ತ.

ಜಿಂಕೆಯ ಎದೆಯ ಕೆಳಗೆ ಬೆರಳಗಲ ಕೂದಲು ಹೋಗಿ ಗೀರು ಕಾಣುತ್ತಿತ್ತು, ಅಷ್ಟೇ. ಮುಂದಿನ ಫೋಟೋದಲ್ಲಿ ಅದೇ ಜಿಂಕೆ ಹೆಣ್ಣೊಂದರ ಹಿಂದೆ ಬಿದ್ದು ಓಡುತ್ತಿತ್ತು.

"ಸಾಯೋನು ಹೀಗೆ ಓಡ್ತಾನೇನೋ?" ಎಂದು ಡೆಲ್ಬರ್ಟ್ ಮೇಜು ಕುಟ್ಟಿದ.

ರೇಯ್ನೊ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಬದುಕಿದೆ, ಬದುಕಿದೆ ಎಂದು ಎಷ್ಟು ಸಲ ಅಂದನೋ. ನಾಲ್ಕು ದಿನದ ಭಾರ ಇಳಿದದ್ದೇ ತಡ, ಹೊಟ್ಟೆ ಚುರುಗುಟ್ಟಿತು. ಆರಿದ ಪ್ಯಾಸ್ಟಿಯನ್ನು ಕೂತಲ್ಲೇ ಮುಗಿಸಿ, ಡೆಲ್ಬರ್ಟನದಕ್ಕೂ ಕೈ ಹಾಕಿದ. ಬಾಯಿ ಒರೆಸಿಕೊಂಡವನೇ ಪ್ಯಾಂಟಿನೊಳಗಿಂದ ಅಂಗಿ ಎಳೆದು ಬೆನ್ನು ತಿರುಗಿಸಿ ನಿಂತ.

"ಬಿಡೋ, ರಕ್ತ ಬಂದಿದೆಯಲ್ಲ," ಎಂದ ಡೆಲ್ಬರ್ಟ್. "ಪೂರ್ತಿ ತಪ್ತು ಅನ್ನೋಕಾಗಲ್ಲ."

"ತೊಂಬತ್ತೆಂಟರಲ್ಲಿ ನೀನೂ ಹೀಗೇ ಗೋಗರೆದಿದ್ದೆ. ನಾನೇನಂದೆ?"

"ನಾಲ್ಕು ಕಾಲ ಮೇಲೆ ನಿಂತಿದ್ರೆ ತಪ್ಪಿದ್ದೇ ಅಂದೆ. ಪಾಪಿ, ಹೊಸ ಅಂಗಿ ಕಣೋ ಅದು!"

"ಮತ್ತೆ? ತಗೋ ಕತ್ತರಿ."

ಡೆಲ್ಬರ್ಟ್ ಅವನ ಕಿವಿಯ ಬಳಿ ಕತ್ತರಿಯನ್ನು ಎರಡಲ್ಲ, ಐದು ಸಲ ಕಚಕಚ ಅನ್ನಿಸಿದ. ಕತ್ತರಿಸಲು ಹೊರಟಾಗ ಮಾತ್ರ ಕೈ ಹಿಂದೆಗೆದು, ತುದಿಯಲ್ಲೇ ಎಲ್ಲೋ ಇಟ್ಟ.

"ಏನು, ಕರ್ಚೀಫ್ ಹೊಲೀತೀಯಾ? ಇನ್ನೂ ಮೇಲಕ್ಕೆ ಹಾಕೋ!" ಎಂದು ಗದರಿದ ರೇಯ್ನೊ.

ತುಂಡಿಗೆ ಮೊಳೆಯನ್ನು ತಾನೇ ಹೊಡೆದ. ಐಲಾ ಪೆನ್ನು ಹಿಡಿದು, ಯಾವ ತಾರೀಕು ಹಾಕಲಿ ಎಂದಳು.

"ಜನವರಿ ಒಂದು," ಎಂದ ರೇಯ್ನೊ. ಕೋವಿಯನ್ನು ಹೆಗಲಿಗೇರಿಸಿ ಬಾಗಿಲು ತೆರೆದ. ಅಂಗಿ ಇಲ್ಲದ ಸೊಂಟಕ್ಕೆ ಚಳಿಗಾಳಿ ಸುಳಿಯಿತು. ಹಾಯೆನಿಸಿತು.